ರಾತ್ರಿಯೂಟದ ಕಪ್ಪು ಕೋಟು



1920ರ ದಶಕದಲ್ಲಿ ಲಂಡನ್ನಿನ ಬಿಬಿಸಿ ಬಾನುಲಿ ಆಗತಾನೇ ಕಣ್ಣು ಬಿಟ್ಟಿತ್ತು. ಸಂಜೆಯ ಹೊತ್ತು ಅಲ್ಲಿ ವಾರ್ತೆ ಓದುವವರೂ ಕಾರ್ಯಕ್ರಮ ಸಾರುವವರೂ ಡಿನ್ನರ್ ಜಾಕೆಟ್ ತೊಟ್ಟು ಮೈಕಿನ ಮುಂದೆ ಕೂರುತ್ತಿದ್ದರು. ಕಪ್ಪು ಕೋಟು, ಗಂಜಿ ಹಾಕಿ ಬಿರುಸಾಗಿಸಿದ ಬಿಳಿ ಷರಟು, ಕೊರಳಿಗೆ ಕಪ್ಪು ಬೋ ಟೈ. ಟೆಲಿವಿಷನ್ ಇನ್ನೂ ಇಲ್ಲದ ಕಾಲ. ಮನೆಯಲ್ಲಿ ಕೂತು ಕೇಳುವ ಯಾರಿಗೂ ಆ ಕೋಟು ಕಾಣುವಂತಿರಲಿಲ್ಲ. ಆದರೂ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಜಾನ್ ರೀತ್ ಅವರ ಆಡಳಿತದಲ್ಲಿ ಅದು ನಿಯಮವಾಗಿತ್ತು. ಆ ಕಾಲದ ಹೆಸರಾಂತ ಉದ್ಘೋಷಕ ಸ್ಟುವರ್ಟ್ ಹಿಬರ್ಡ್ ಮುಂದೆ ತಮ್ಮ ನೆನಪುಗಳನ್ನು ಬರೆದಾಗ ಈ ಪದ್ಧತಿಯನ್ನು ಮನಸಾರೆ ಒಪ್ಪಿಕೊಂಡರು. ಅದರಿಂದ ಆಗುತ್ತಿದ್ದ ತೊಂದರೆಯನ್ನೂ ಮರೆಮಾಚಲಿಲ್ಲ. ಕುತ್ತಿಗೆಗೆ ಬಿಗಿಯಾಗಿ ಏನಾದರೂ ಇದ್ದರೆ ಓದುವುದು ಕಷ್ಟ. ವಾರ್ತೆ ಓದುವಾಗ ಗಂಜಿ ಹಾಕಿದ ಷರಟಿನ ಎದೆಭಾಗ ಕಿರಗುಟ್ಟುತ್ತಿದೆ ಎಂದು ಎಂಜಿನಿಯರುಗಳು ಒಂದೆರಡು ಸಲ ಬಂದು ಹೇಳಿದ್ದೂ ಉಂಟಂತೆ.

ಹಾಗಿದ್ದೂ ಯಾಕೆ ತೊಡಬೇಕು? ಹಿಬರ್ಡ್ ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು. ರಾತ್ರಿ ಎಂಟರ ಮೇಲಿನ ಕಾರ್ಯಕ್ರಮಗಳಿಗೆ ಬರುವ ಗಾಯಕರು, ವಾದ್ಯಗಾರರು ಬಹುತೇಕ ಸಂಜೆಯ ಔಪಚಾರಿಕ ಉಡುಪಿನಲ್ಲೇ ಬರುತ್ತಿದ್ದರು. ಅವರನ್ನು ಬರಮಾಡಿಕೊಳ್ಳುವವನು ದಿನಬಳಕೆಯ ಬಟ್ಟೆಯಲ್ಲಿ ನಿಂತರೆ ಅವರಿಗೆ ಕೊಡಬೇಕಾದ ಮರ್ಯಾದೆ ಕೊಟ್ಟಂತಾಗುವುದಿಲ್ಲ ಎಂಬುದು ಅವರ ಭಾವನೆ. ಎಂದರೆ ಆ ಕೋಟು ಸ್ಟುಡಿಯೋದ ಒಳಗೆ, ಅದೇ ಕೋಣೆಯಲ್ಲಿ, ಎದುರಿಗೆ ನಿಂತ ಕಲಾವಿದರಿಗಾಗಿ ತೊಟ್ಟದ್ದು. ಡಿನ್ನರ್ ಜಾಕೆಟ್ಟಿನ ಬಗ್ಗೆ ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಇದರ ಸುತ್ತಲೇ ಇದೆ. ಅದು ಒಬ್ಬ ಗಂಡಸು ಎದ್ದು ಕಾಣಲಿ ಎಂದು ಹುಟ್ಟಿದ ಬಟ್ಟೆ ಅಲ್ಲ. ತಾನು ಹೋದ ಕೂಟದಲ್ಲಿ ಅವನು ಹೊಂದಿಕೊಂಡು ನಿಲ್ಲಲಿ, ಕರೆದವರಿಗೆ ಒಪ್ಪವಾಗಿ ಕಾಣಲಿ ಎಂದು ಬೆಳೆದುಬಂದ ಬಟ್ಟೆ. ಅದರ ಒಂದೊಂದು ಕಟ್ಟಳೆಯನ್ನು ಬಿಡಿಸಿ ನೋಡಿದರೂ ಇದೇ ಸಿಗುತ್ತದೆ.

ಇದರ ಹುಟ್ಟು 1865ರಲ್ಲಿ. ವಿಕ್ಟೋರಿಯಾ ರಾಣಿಯ ಹಿರಿಯ ಮಗ, ಮುಂದೆ ಏಳನೆಯ ಎಡ್ವರ್ಡ್ ಎಂಬ ಹೆಸರಿನಲ್ಲಿ ದೊರೆಯಾದವನು, ಆಗ ಯುವರಾಜ. ಲಂಡನ್ನಿನ ಸೆವಿಲ್ ರೋ ಎಂಬ ಬೀದಿ ದರ್ಜಿಗಳಿಗೆ ಹೆಸರಾದದ್ದು. ಅಲ್ಲಿನ ಹೆನ್ರಿ ಪೂಲ್ ಅಂಗಡಿಗೆ ಯುವರಾಜ ಒಂದು ಗಿಡ್ಡ ಕೋಟನ್ನು ಹೊಲಿಯಲು ಹೇಳಿದ. ಅಂದಿನ ದೊಡ್ಡಮನೆಗಳಲ್ಲಿ ರಾತ್ರಿಯೂಟಕ್ಕೆ ಟೇಲ್‌ಕೋಟು ಕಡ್ಡಾಯ. ಮುಂದೆ ಸೊಂಟದ ಮಟ್ಟಕ್ಕೆ ಕತ್ತರಿಸಿ, ಹಿಂದೆ ಮಂಡಿಯವರೆಗೆ ಎರಡು ಬಾಲ ಇಳಿಬಿಟ್ಟ ಕೋಟು ಅದು. ಜೊತೆಗೆ ಬಿಳಿ ವೇಸ್ಟ್‌ಕೋಟು, ಬಿಳಿ ಬೋ. ನಾರ್ಫೋಕ್ ಸೀಮೆಯ ಸ್ಯಾಂಡ್ರಿಂಗ್‌ಹ್ಯಾಮ್ ತೋಟದ ಮನೆಯಲ್ಲಿ ಆಪ್ತರ ಜೊತೆ ಊಟಕ್ಕೆ ಕೂರುವಾಗ ಆ ಬಾಲಗಳ ಗೊಡವೆ ಬೇಡವೆಂದು ಯುವರಾಜನಿಗೆ ಅನ್ನಿಸಿತು. ಪೂಲ್ ಅಂಗಡಿಯವರು ಬಾಲವಿಲ್ಲದ, ನೀಲಿ ಬಣ್ಣದ ರೇಷ್ಮೆಯ ಗಿಡ್ಡ ಕೋಟೊಂದನ್ನು ಹೊಲಿದುಕೊಟ್ಟರು. ಇಂದು ನಮಗೆ ಬಿಗುಮಾನದ ತುತ್ತತುದಿ ಎನ್ನಿಸುವ ಉಡುಪು ಹುಟ್ಟಿದ್ದು ಮನೆಯೊಳಗಿನ ಆರಾಮಕ್ಕೆ, ಗೆಳೆಯರ ಪಂಕ್ತಿಗೆ. ಈ ಸಂಗತಿ ನೆನಪಿದ್ದರೆ ಅದನ್ನು ತೊಡುವವನ ಮೈ ಅರ್ಧ ಸಡಿಲವಾಗುತ್ತದೆ ಎಂದು ನನ್ನ ನಂಬಿಕೆ.

ಇಪ್ಪತ್ತು ವರ್ಷ ಕಳೆದ ಮೇಲೆ ಆ ಕೋಟು ಸಮುದ್ರ ದಾಟಿತು. ಪೂಲ್ ಅಂಗಡಿಯವರು ಹೇಳುವ ಪ್ರಕಾರ ಜೇಮ್ಸ್ ಬ್ರೌನ್ ಪಾಟರ್ ಎಂಬ ಅಮೆರಿಕದ ಸಿರಿವಂತ 1886ರಲ್ಲಿ ಯುವರಾಜನ ಅತಿಥಿಯಾಗಿ ಸ್ಯಾಂಡ್ರಿಂಗ್‌ಹ್ಯಾಮ್‌ಗೆ ಹೋಗಬೇಕಾಯಿತು. ಏನು ತೊಡಬೇಕೆಂದು ಕೇಳಿದಾಗ ಯುವರಾಜ ತನ್ನ ದರ್ಜಿಯ ಅಂಗಡಿಯನ್ನೇ ತೋರಿಸಿದ. ಪಾಟರ್ ಅಲ್ಲಿ ಹೊಲಿಸಿದ ಕೋಟನ್ನು ಊರಿಗೆ ಒಯ್ದ. ನ್ಯೂಯಾರ್ಕ್ ನಗರದಿಂದ ಸುಮಾರು 60 ಕಿಲೋಮೀಟರ್ ದೂರದ ಕಾಡು ಕೆರೆಗಳ ನಡುವೆ ಪಿಯರ್ ಲೊರಿಲಾರ್ಡ್ ಎಂಬ ತಂಬಾಕು ವ್ಯಾಪಾರಿ ಅದೇ ವರ್ಷ ಟಕ್ಸಿಡೊ ಪಾರ್ಕ್ ಎಂಬ ನೆಲೆಯನ್ನೂ ಅಲ್ಲೊಂದು ಕ್ಲಬ್ಬನ್ನೂ ತೆರೆದಿದ್ದ. ಆ ಕ್ಲಬ್ಬಿನ ಸದಸ್ಯರ ಮೈಮೇಲೆ ಕಂಡ ಕೋಟಿಗೆ ಆ ಊರಿನ ಹೆಸರೇ ಅಂಟಿಕೊಂಡಿತು. ಬ್ರಿಟನ್ನಿನವರು ಡಿನ್ನರ್ ಜಾಕೆಟ್ ಎನ್ನುವುದನ್ನೇ ಅಮೆರಿಕದವರು ಟಕ್ಸಿಡೊ ಎನ್ನುತ್ತಾರೆ. ಉಡುಪು ಒಂದೇ.

ಮೊದಲ ಮಹಾಯುದ್ಧದ ನಂತರ ಟೇಲ್‌ಕೋಟು ಮೆಲ್ಲಗೆ ಹಿಂದೆ ಸರಿಯಿತು. ಈಗ ಅದು ಸ್ಟಾಕ್‌ಹೋಮಿನ ನೊಬೆಲ್ ಸಮಾರಂಭದಂಥ ಕೆಲವೇ ಕಡೆ ಉಳಿದಿದೆ. ಉಳಿದೆಡೆ ಆಹ್ವಾನಪತ್ರಿಕೆಯ ಮೂಲೆಯಲ್ಲಿ 'ಬ್ಲ್ಯಾಕ್ ಟೈ' ಎಂದು ಅಚ್ಚಾಗಿದ್ದರೆ ಡಿನ್ನರ್ ಜಾಕೆಟ್ ತೊಟ್ಟು ಬನ್ನಿ ಎಂದೇ ಅರ್ಥ. ಕಪ್ಪು ಬಣ್ಣದ ಯಾವುದೋ ಉದ್ದ ಟೈ ಕಟ್ಟಿಕೊಂಡು ಹೋಗುವುದಲ್ಲ. ಇದು ಕತ್ತಲಾದ ಮೇಲಿನ ಉಡುಪು. ಸಂಜೆ ಆರಕ್ಕೆ ಮೊದಲು ಇದನ್ನು ತೊಡುವ ವಾಡಿಕೆ ಇಲ್ಲ.

ಈಗ ಕೋಟನ್ನೇ ಕೈಗೆ ತೆಗೆದುಕೊಂಡು ನೋಡೋಣ. ಸೂಟಿನ ಕೋಟಿಗೂ ಇದಕ್ಕೂ ಮೊದಲ ವ್ಯತ್ಯಾಸ ಲ್ಯಾಪೆಲ್ಲಿನಲ್ಲಿ, ಅಂದರೆ ಎದೆಯ ಮೇಲೆ ಮಡಚಿಕೊಳ್ಳುವ ಪಟ್ಟಿಯಲ್ಲಿ. ಅದರ ಮೇಲೆ ರೇಷ್ಮೆ ಹೊದಿಸಿರುತ್ತದೆ. ನುಣುಪಾದ ಸ್ಯಾಟಿನ್ ಇರಬಹುದು, ಸಣ್ಣ ಗೆರೆಗಳೆದ್ದ ಗ್ರೋಗ್ರೇನ್ ಇರಬಹುದು. ಆಕಾರ ಎರಡು ಬಗೆ: ಶಾಲಿನಂತೆ ಕತ್ತಿನ ಸುತ್ತ ಮುರಿಯದೆ ಇಳಿಯುವುದು ಒಂದು, ಭುಜದ ಕಡೆಗೆ ಚೂಪಾಗಿ ಏರುವುದು ಇನ್ನೊಂದು. ಆಫೀಸಿನ ಕೋಟಿನಲ್ಲಿರುವ ಕಚ್ಚಿನ ಲ್ಯಾಪೆಲ್ಲಿಗೆ ಸ್ಯಾಟಿನ್ ಹಚ್ಚಿ ಟಕ್ಸಿಡೊ ಎಂದು ಮಾರುವುದು ಈಗ ಎಲ್ಲೆಲ್ಲೂ ಇದೆ. ನನಗೆ ಅದು ಒಗ್ಗುವುದಿಲ್ಲ. ಮುಂದೆ ಒಂದೇ ಗುಂಡಿ, ಅದಕ್ಕೂ ರೇಷ್ಮೆಯ ಹೊದಿಕೆ. ಪ್ಯಾಂಟಿನ ಹೊರಬದಿಯ ಹೊಲಿಗೆಯ ಮೇಲೆ ಸೊಂಟದಿಂದ ಪಾದದವರೆಗೆ ಅದೇ ರೇಷ್ಮೆಯ ಪಟ್ಟಿ ಇಳಿಯುತ್ತದೆ. ಪ್ಯಾಂಟಿಗೆ ಬೆಲ್ಟಿನ ಕೊಂಡಿಗಳಿರುವುದಿಲ್ಲ. ಹೆಗಲ ಮೇಲಿಂದ ಬರುವ ಬ್ರೇಸಸ್ ಅದನ್ನು ಹಿಡಿದಿರುತ್ತದೆ. ಕಾಲಿನ ತುದಿಯಲ್ಲಿ ಹೊರಮಡಿಕೆ ಇಲ್ಲ. ಸೊಂಟದಲ್ಲಿ ವೇಸ್ಟ್‌ಕೋಟು ಅಥವಾ ಕಮರ್‌ಬಂದು.

ಇವೆಲ್ಲ ಬರೀ ಅಲಂಕಾರ ಎಂದುಕೊಂಡರೆ ತಪ್ಪಾಗುತ್ತದೆ. ಹೊಲಿಗೆ ಕಾಣಬಾರದು ಎಂದು ರೇಷ್ಮೆಯ ಪಟ್ಟಿ. ಲೋಹದ ಬಕಲ್ಲು ದೀಪಕ್ಕೆ ಹೊಳೆದು ಕಣ್ಣು ಸೆಳೆಯಬಾರದು ಎಂದು ಬೆಲ್ಟನ್ನೇ ಬಿಟ್ಟದ್ದು. ಗುಂಡಿಯ ಕೆಳಗೆ ಬಿಳಿ ಷರಟು ಮುಕ್ಕೋನವಾಗಿ ಇಣುಕಬಾರದು ಎಂದು ಸೊಂಟದ ಹೊದಿಕೆ. ಷರಟಿನ ಗುಂಡಿಗಳನ್ನೂ ಮರೆಸಿ ಅವುಗಳ ಜಾಗದಲ್ಲಿ ಕಪ್ಪು ಸ್ಟಡ್‌ಗಳು. ಒಂದೊಂದನ್ನೂ ಅಡಗಿಸುತ್ತ ಹೋದಾಗ ಕೊನೆಗೆ ಉಳಿಯುವುದು ಮುಖ ಮತ್ತು ಕೈಗಳು. ಊಟದ ಮೇಜಿನಲ್ಲಿ ಪಕ್ಕದಲ್ಲಿ ಕೂತವರು ಮಾತಾಡುವುದು ಮುಖದ ಜೊತೆ ತಾನೆ? ಜೊತೆಗೆ ಬಂದ ಹೆಂಗಸರ ಬಣ್ಣದ ಉಡುಪುಗಳು ಈ ಕಪ್ಪುಬಿಳುಪಿನ ನಡುವೆ ಅರಳಿ ನಿಲ್ಲುತ್ತವೆ. ಗಂಡಸರೆಲ್ಲ ಒಂದೇ ತೆರನಾಗಿ ಕಾಣುತ್ತಾರೆ ಎಂದು ಈ ಉಡುಪನ್ನು ದೂರುವವರಿದ್ದಾರೆ. ಎಲ್ಲರೂ ಒಂದೇ ತೆರನಾಗಿ ಕಾಣುವುದೇ ಇದರ ದೊಡ್ಡ ಗುಣ. ಹಣವಂತನೂ ಸಾಲ ಮಾಡಿ ಹೊಲಿಸಿದವನೂ ಒಂದೇ ಸಾಲಿನಲ್ಲಿ ನಿಲ್ಲಬಹುದು.

ಬಣ್ಣದ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಹಳದಿ ದೀಪದ ಕೆಳಗೆ ಕಪ್ಪು ಉಣ್ಣೆ ಕೆಲವೊಮ್ಮೆ ಮಾಸಿದಂತೆ, ಹಸಿರು ಛಾಯೆ ಹೊಡೆದಂತೆ ಕಾಣುತ್ತದೆ. ನಡುರಾತ್ರಿಯ ಆಕಾಶದಷ್ಟು ಗಾಢವಾದ ನೀಲಿ ಅದೇ ದೀಪಕ್ಕೆ ಕಪ್ಪಿಗಿಂತ ಕಪ್ಪಾಗಿ ಕಾಣುತ್ತದೆ. 1920–30ರ ದಶಕಗಳಲ್ಲಿ ಆಗಿನ ಯುವರಾಜ, ಮುಂದೆ ಸಿಂಹಾಸನ ಬಿಟ್ಟುಕೊಟ್ಟ ಎಂಟನೆಯ ಎಡ್ವರ್ಡ್, ಈ ಗಾಢ ನೀಲಿಯನ್ನು ಬಳಕೆಗೆ ತಂದ. ಗಂಜಿಯ ಬಿರುಸು ಷರಟಿನ ಬದಲು ಮೆತ್ತನೆಯ ಷರಟನ್ನೂ, ಎರಡು ಸಾಲು ಗುಂಡಿಯ ಡಬಲ್ ಬ್ರೆಸ್ಟ್ ಕೋಟನ್ನೂ ಅವನೇ ಜನಪ್ರಿಯಗೊಳಿಸಿದ. 1962ರ 'ಡಾಕ್ಟರ್ ನೋ' ಚಿತ್ರದಲ್ಲಿ ಜೂಜಿನ ಮೇಜಿನ ಹಿಂದೆ ಶಾನ್ ಕಾನರಿ ಮೊದಲ ಸಲ ಕಾಣಿಸಿಕೊಳ್ಳುವಾಗ ತೊಟ್ಟದ್ದೂ ಗಾಢ ನೀಲಿಯೇ. ಹೊಲಿದವರು ಲಂಡನ್ನಿನ ಆಂಟನಿ ಸಿಂಕ್ಲೇರ್. ಹೊಸದಾಗಿ ಹೊಲಿಸುವವರು ಕೇಳಿದರೆ ನಾನು ಈ ನೀಲಿಯನ್ನೇ ಹೇಳುತ್ತೇನೆ.

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಅಕ್ಕಪಕ್ಕದ ಓಣಿಗಳಲ್ಲಿ, ಈ ಕೋಟನ್ನು ಕೈಯಿಂದ ಹೊಲಿಯಬಲ್ಲ ಹಳೆಯ ಮಾಸ್ಟರುಗಳು ಈಗಲೂ ಇದ್ದಾರೆ. ನನ್ನ ಕೋಟನ್ನು ಹೊಲಿದವರು ಅಂಥವರಲ್ಲೊಬ್ಬರು. ಅವರ ಕೆಲಸವನ್ನು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದ್ದೇನೆ. ಲ್ಯಾಪೆಲ್ಲಿನ ಬಟ್ಟೆಯ ಒಳಗೆ ಉಣ್ಣೆ ಮತ್ತು ಕುದುರೆಕೂದಲು ನೇಯ್ದ ಕ್ಯಾನ್ವಾಸ್ ಇರುತ್ತದೆ. ಎರಡನ್ನೂ ಎಡಗೈಯ ತೋರುಬೆರಳಿನ ಮೇಲೆ ಬಾಗಿಸಿ ಹಿಡಿದು, ಬಾಗಿದ ಸ್ಥಿತಿಯಲ್ಲೇ ಓರೆ ಟಾಕು ಹಾಕುತ್ತ ಬರುತ್ತಾರೆ. ಸೂಜಿಯ ತುದಿ ಹೊರಬಟ್ಟೆಯ ಒಂದೇ ಒಂದು ಎಳೆಯನ್ನು ಎತ್ತಿಕೊಂಡು ಹಿಂದಿರುಗಬೇಕು. ಈಚೆಯಿಂದ ನೋಡಿದರೆ ಟಾಕಿನ ಗುರುತೇ ಇರಬಾರದು. ಸಾಲಿನ ಮೇಲೆ ಸಾಲು, ಒಂದು ಲ್ಯಾಪೆಲ್ಲಿಗೆ ನೂರಾರು ಟಾಕು. ಮುಗಿಸಿ ಕೈಬಿಟ್ಟರೆ ಆ ಬಟ್ಟೆ ಮೇಜಿನ ಮೇಲೆ ಚಪ್ಪಟೆಯಾಗಿ ಬೀಳುವುದಿಲ್ಲ, ತಾನಾಗಿಯೇ ಒಳಮುಖವಾಗಿ ಸುರುಳಿಗಟ್ಟುತ್ತದೆ. ಆ ಸುರುಳಿಯೇ ಮುಂದೆ ಎದೆಯ ಮೇಲೆ ಲ್ಯಾಪೆಲ್ಲು ಉಬ್ಬಿ ಇಳಿಯುವ ಚೆಂದ.

ರೇಷ್ಮೆ ಹೊದಿಸುವ ದಿನ ಮಾಸ್ಟರು ಕೈ ತೊಳೆದು ಒರೆಸಿಕೊಂಡು, ಉಗುರು ಕತ್ತರಿಸಿಕೊಂಡು ಕೂತರು. ಒರಟು ಬೆರಳು ತಾಗಿದರೂ ಸ್ಯಾಟಿನ್ನಿನ ಎಳೆ ಏಳುತ್ತದೆ. ಇಸ್ತ್ರಿಯನ್ನು ರೇಷ್ಮೆಗೆ ನೇರ ತಾಗಿಸಲೇ ಇಲ್ಲ. ನಡುವೆ ಹಳೆಯ ಹತ್ತಿಬಟ್ಟೆ ಇಟ್ಟು, ಒತ್ತದೆ, ಬರೀ ಬಿಸಿ ತೋರಿಸಿದರು. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಕೋಟುಗಳಲ್ಲಿ ಈ ಟಾಕುಗಳ ಬದಲು ಅಂಟು ಇರುತ್ತದೆ. ಬಿಸಿ ಯಂತ್ರದಲ್ಲಿ ಒತ್ತಿ ಅಂಟಿಸಿದ ಪದರ ಅದು. ಕೆಲವು ಸಲ ಡ್ರೈಕ್ಲೀನಿಂಗಿಗೆ ಹೋಗಿಬಂದ ಮೇಲೆ ಅಲ್ಲಲ್ಲಿ ಅಂಟು ಬಿಟ್ಟು ಎದೆಯ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಆಮೇಲೆ ಅದಕ್ಕೆ ಮದ್ದಿಲ್ಲ.

ಕಮರ್‌ಬಂದಿನ ಮಾತು ಹೇಳಿದೆನಲ್ಲ. ಈ ಉಡುಪಿನಲ್ಲಿ ಭಾರತದಿಂದ ಹೋದ ಭಾಗ ಅದು. ಸೊಂಟಕ್ಕೆ ಅಗಲವಾದ ಬಟ್ಟೆ ಸುತ್ತುವುದು ನಮ್ಮ ನಾಡಿನ ಸಿಪಾಯಿಗಳಲ್ಲಿ, ಅರಮನೆಯ ಊಳಿಗದವರಲ್ಲಿ, ಸಾಹೇಬರ ಬಂಗಲೆಯ ಬೇರರ್‌ಗಳಲ್ಲಿ ಹಳೆಯ ಪದ್ಧತಿ. ಇಲ್ಲಿನ ಬೇಸಗೆಯಲ್ಲಿ ಉಣ್ಣೆಯ ವೇಸ್ಟ್‌ಕೋಟು ತೊಟ್ಟು ಬೆವೆತ ಬ್ರಿಟಿಷ್ ಅಧಿಕಾರಿಗಳು ಅದನ್ನು ಬಿಚ್ಚಿಟ್ಟು ಆ ಜಾಗಕ್ಕೆ ರೇಷ್ಮೆಯ ಸೊಂಟಪಟ್ಟಿ ಕಟ್ಟಿಕೊಂಡರು. ತಟ್ಟೆ ಹಿಡಿದು ಬಂದವನ ಸೊಂಟದಲ್ಲಿದ್ದದ್ದು ಮೇಜಿನ ಮುಂದೆ ಕೂತವನ ಸೊಂಟಕ್ಕೂ ಬಂತು, ಅಲ್ಲಿಂದ ಲಂಡನ್ನಿಗೂ ಹೋಯಿತು. ಸೂಯೆಜ್ ದಾಟಿ ಕೆಂಪು ಸಮುದ್ರದ ಸೆಕೆಗೆ ಬಂದ ಹಡಗುಗಳಲ್ಲಿ ಕೋಟನ್ನೇ ಬಿಟ್ಟು, ಬಿಳಿ ಷರಟು, ಕಪ್ಪು ಪ್ಯಾಂಟು, ಕಮರ್‌ಬಂದಿನಲ್ಲಿ ಊಟಕ್ಕೆ ಕೂರುವ ರೂಢಿ ಬೆಳೆಯಿತು. ರಾಜತಾಂತ್ರಿಕ ವಲಯಗಳಲ್ಲಿ ಅದಕ್ಕೆ 'ರೆಡ್ ಸೀ ರಿಗ್' ಎಂಬ ಹೆಸರು ಈಗಲೂ ಇದೆ. ದಂತದ ಬಣ್ಣದ ಬಿಳಿ ಡಿನ್ನರ್ ಜಾಕೆಟ್ ಕೂಡ ಸೆಕೆನಾಡುಗಳದೇ. 1942ರ 'ಕಾಸಾಬ್ಲಾಂಕಾ' ಚಿತ್ರದಲ್ಲಿ ಹಂಫ್ರಿ ಬೊಗಾರ್ಟ್ ತೊಟ್ಟದ್ದು ಅದನ್ನೇ. ಮಾರ್ಚಿನ ಬಳ್ಳಾರಿಯಲ್ಲೋ ಮಂಗಳೂರಿನಲ್ಲೋ ಸಂಜೆಯ ಸಮಾರಂಭವಿದ್ದರೆ ಬಿಳಿಯ ಕೋಟೇ ಸರಿ ಎನ್ನುವೆ. ಆದರೆ ಪ್ಯಾಂಟು ಕಪ್ಪೇ ಇರಬೇಕು.

ಭಾರತದ ಸೇನೆಯ ಮೆಸ್ಸುಗಳಲ್ಲಿ ಅಧಿಕಾರಿಗಳ ಸಂಜೆಯುಡುಪಿಗೆ ಕಮರ್‌ಬಂದು ಇಂದಿಗೂ ಇದೆ. ಕನ್ನಡನಾಡಿನಲ್ಲಿ ಸೈನ್ಯದ ಮನೆಗಳು ಹೆಚ್ಚಿರುವ ಕೊಡಗಿನಲ್ಲಂತೂ ಈ ಬಗೆಯ ಉಡುಪು ಹೊರಗಿನದು ಅನ್ನಿಸುವುದಿಲ್ಲ. ಅದಕ್ಕೆ ಕಾರಣ ಕೊಡವರ ಸ್ವಂತ ಉಡುಪಿನಲ್ಲೇ ಇದೆ. ಕುಪ್ಯ ಎಂದರೆ ಮಂಡಿಯವರೆಗೆ ಬರುವ ಕಪ್ಪು ಕೋಟು, ಅರ್ಧ ತೋಳಿನದು. ಒಳಗೆ ಬಿಳಿ ಷರಟು. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ. ಮದುಮಗನಿಗೆ ಬಿಳಿ ಕುಪ್ಯ. ಕಪ್ಪು ಕೋಟು, ಬಿಳಿ ಷರಟು, ಸೊಂಟದಲ್ಲಿ ರೇಷ್ಮೆ! ಲಂಡನ್ನಿನ ದರ್ಜಿಗಳ ಹಂಗಿಲ್ಲದೆ ಕೊಡಗು ತನ್ನ ದಾರಿಯಲ್ಲೇ ಇಲ್ಲಿಗೆ ಬಂದು ಮುಟ್ಟಿತ್ತು. 1949ರಲ್ಲಿ ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಉಡುಪಿನ ಶಿಸ್ತಿಗೆ ಹೆಸರಾಗಿದ್ದವರು. ಹೊತ್ತಿಗೆ ತಕ್ಕ ಬಟ್ಟೆ, ಬಟ್ಟೆಗೆ ತಕ್ಕ ನಿಲುವು ಎಂಬುದು ಅವರಿಗೆ ಸೈನ್ಯ ಕಲಿಸಿದ್ದಷ್ಟೇ ಆಗಿರಲಾರದು, ನಾಡೂ ಕಲಿಸಿದ್ದು ಎಂದು ನನಗೆ ಅನ್ನಿಸುತ್ತದೆ.

ಇನ್ನು ನಮ್ಮ ಮದುವೆಮನೆಗಳಿಗೆ ಬರೋಣ. ಡಿನ್ನರ್ ಜಾಕೆಟ್ ಇಂದು ಕರ್ನಾಟಕದಲ್ಲಿ ಅತಿ ಹೆಚ್ಚು ಕಾಣುವುದು ಆರತಕ್ಷತೆಯ ವೇದಿಕೆಯ ಮೇಲೆ. ಮುಹೂರ್ತಕ್ಕೆ ಪಂಚೆ, ಶಲ್ಯ, ಮೈಸೂರು ಪೇಟ, ಬಾಸಿಂಗ. ಸಂಜೆಗೆ ಹೊಳೆಯುವ ಲ್ಯಾಪೆಲ್ಲಿನ ಟಕ್ಸಿಡೊ. ಇದನ್ನು ಅನುಕರಣೆ ಎಂದು ಹಳಿಯುವ ಹಿರಿಯರ ಜೊತೆ ನಾನಿಲ್ಲ. ನೂರಾರು ಜನ ಸಾಲುಗಟ್ಟಿ ಬಂದು ಹರಸಿ ಹೋಗುವ ಸಂಜೆ ಅದು. ಅವರಿಗಾಗಿ ಹುಡುಗ ಅಂದವಾಗಿ ನಿಲ್ಲುವುದು ಒಳ್ಳೆಯದೇ. ನನಗೆ ನೋವಾಗುವುದು ಆ ಬಟ್ಟೆ ಅವನ ಮೈಮೇಲೆ ಕೂರುವ ರೀತಿ ನೋಡಿದಾಗ. ಸಂಜೆಯೆಲ್ಲ ಅವನು ಭುಜ ಕೊಡವಿಕೊಳ್ಳುತ್ತಾನೆ, ತೋಳು ಎಳೆದುಕೊಳ್ಳುತ್ತಾನೆ. ಕೋಟಿನ ಭುಜ ಅವನ ಭುಜದಿಂದ ಹೊರಗೆ ಜೋತುಬಿದ್ದಿರುತ್ತದೆ. ಪ್ಯಾಂಟು ಸೊಂಟದಿಂದ ಕೆಳಗೆ ಜಾರಿ, ಬೆಲ್ಟಿನ ಬಕಲ್ಲು ಕಾಣುತ್ತಿರುತ್ತದೆ. ಪಾಲಿಯೆಸ್ಟರ್ ಸ್ಯಾಟಿನ್ನು ವಿಡಿಯೋದವರ ಎಲ್‌ಇಡಿ ದೀಪಕ್ಕೆ ತಗಡಿನಂತೆ ಹೊಳೆದು ಪಕ್ಕದಲ್ಲಿ ನಿಂತ ಮದುಮಗಳ ರೇಷ್ಮೆಯ ಬಣ್ಣವನ್ನೂ ನುಂಗುತ್ತದೆ. ಜೀವನದ ಅಷ್ಟು ದೊಡ್ಡ ಸಂಜೆಯಲ್ಲಿ ಅವನ ಗಮನ ಬಂದವರ ಮೇಲಿರಬೇಕು, ಬಟ್ಟೆಯ ಮೇಲಲ್ಲ.

ಬಾಡಿಗೆಗೆ ತರುವುದೋ ಸ್ವಂತಕ್ಕೆ ಹೊಲಿಸುವುದೋ ಎಂದು ಬಹಳ ಜನ ಕೇಳುತ್ತಾರೆ. ಅಮೆರಿಕದ ಹೈಸ್ಕೂಲುಗಳಲ್ಲಿ ಕೊನೆಯ ವರ್ಷದ ಮಕ್ಕಳಿಗೆ ಪ್ರಾಮ್ ಎಂಬ ಸಂಜೆಯ ಕೂಟ ಇರುತ್ತದೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಬೆಳೆಯುತ್ತಿರುವ ನಮ್ಮ ಕನ್ನಡದ ಹುಡುಗರೂ ಅದಕ್ಕೆ ಟಕ್ಸಿಡೊ ಬಾಡಿಗೆಗೆ ತರುತ್ತಾರೆ. ಇನ್ನೂ ಎತ್ತರ ಬೆಳೆಯುವ ವಯಸ್ಸಿನ ಹುಡುಗನಿಗೆ ಬಾಡಿಗೆಯೇ ಸರಿ. ಆದರೆ ಮೈಕಟ್ಟು ನಿಂತ ಮೇಲೆ, ವರ್ಷಕ್ಕೆ ಒಂದೆರಡು ಸಲವಾದರೂ ಇಂಥ ಆಹ್ವಾನ ಬರುವವನು, ವೈದ್ಯರ ಸಂಘದ ವಾರ್ಷಿಕ ಭೋಜನ, ವಿಶ್ವವಿದ್ಯಾನಿಲಯದ ಕಾಲೇಜಿನ ಔತಣ, ಹಡಗಿನ ಪ್ರವಾಸ, ಕಂಪನಿಯ ಪ್ರಶಸ್ತಿ ಸಮಾರಂಭ ಎಂದು ಹೋಗಬೇಕಾದವನು, ತನ್ನದೇ ಒಂದನ್ನು ಇಟ್ಟುಕೊಳ್ಳಬೇಕು. ಬಾಡಿಗೆಯ ಕೋಟು ಹಲವರ ಮೈಗೆ ಅರೆಬರೆ ಒಗ್ಗುವಂತೆ ಮಾಡಿದ್ದು. ಯಾರೊಬ್ಬರ ಮೈಗೂ ಪೂರ್ತಿ ಒಗ್ಗುವುದಿಲ್ಲ. ಸ್ವಂತದ್ದು ನಾಲ್ಕಾರು ಸಲ ತೊಟ್ಟ ಮೇಲೆ ಮೊಣಕೈಯ ಮಡಿಕೆ ಎಲ್ಲಿ ಬರಬೇಕೋ ಅಲ್ಲಿ ಬರುತ್ತದೆ, ಜೇಬಿಗೆ ಕೈ ತಾನಾಗಿ ಹೋಗುತ್ತದೆ. ತೊಟ್ಟಿದ್ದೇನೆ ಎಂಬುದು ಮರೆತುಹೋಗುವುದು ಆಗಲೇ. ಸೂಟಿನ ಹಾಗೆ ಇದರ ಫ್ಯಾಷನ್ನು ವರ್ಷ ವರ್ಷ ಬದಲಾಗುವುದೂ ಇಲ್ಲ. ಮೊದಲಿಗೆ ಖರ್ಚು ಸ್ವಲ್ಪ ಹೆಚ್ಚೇ ಬೀಳುತ್ತದೆ, ನಿಜ. ಇಪ್ಪತ್ತು ಮೂವತ್ತು ವರ್ಷ ಬಾಳುವ ಬಟ್ಟೆಗೆ ಅದು ದುಬಾರಿಯಲ್ಲ.

ಹೊಲಿಸುವವರು ಭುಜದ ಅಳತೆಗೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ಸೊಂಟ, ತೋಳು, ಉದ್ದ ಎಲ್ಲವನ್ನೂ ಆಮೇಲೆ ತಿದ್ದಬಹುದು. ಭುಜ ತಪ್ಪಿದರೆ ಕೋಟು ತಪ್ಪಿದಂತೆ. ತೋಳಿನ ಕೆಳಗೆ ಷರಟಿನ ಕಫ್ ಒಂದು ಬೆರಳಿನಷ್ಟು ಕಾಣಬೇಕು. ಪ್ಯಾಂಟು ಹೊಕ್ಕುಳ ಮಟ್ಟಕ್ಕೆ ಬರಲಿ. ನಮ್ಮ ಹವೆಗೆ ಮೀಟರಿಗೆ 250 ಗ್ರಾಂ ಆಸುಪಾಸಿನ ತೆಳು ಉಣ್ಣೆ, ಸ್ವಲ್ಪ ಮೊಹೇರ್ ಬೆರೆತದ್ದಾದರೆ ಇನ್ನೂ ಒಳ್ಳೆಯದು. ಲೈನಿಂಗ್ ಬೆನ್ನಿನ ಅರ್ಧಕ್ಕೆ ಸಾಕು. ಬೋ ಟೈಯನ್ನು ಮಾತ್ರ ಕಟ್ಟಿದ್ದನ್ನೇ ಕೊಳ್ಳಬೇಡಿ. ಕನ್ನಡಿಯ ಮುಂದೆ ಒಂದು ಸಂಜೆ ಕೂತರೆ ಕಟ್ಟಲು ಬರುತ್ತದೆ. ಶೂ ಲೇಸು ಕಟ್ಟುವ ಗಂಟೇ ಅದು, ಕೊರಳಿನ ಮುಂದೆ ಹಾಕುತ್ತೇವೆ ಅಷ್ಟೆ. ಕೈಯಿಂದ ಕಟ್ಟಿದ್ದು ಒಂದಿಷ್ಟು ಸೊಟ್ಟಗಿರುತ್ತದೆ. ಆ ಸೊಟ್ಟವೇ ಅದರ ಚೆಲುವು.

ಹೆಂಗಸರಿಗೂ ಈ ಉಡುಪಿನಲ್ಲಿ ಪಾಲಿದೆ. 1966ರಲ್ಲಿ ಪ್ಯಾರಿಸಿನ ಈವ್ ಸಾಂ ಲೊರಾಂ 'ಲ ಸ್ಮೋಕಿಂಗ್' ಎಂಬ ಹೆಸರಿನಲ್ಲಿ ಹೆಂಗಸರಿಗೆಂದೇ ಟಕ್ಸಿಡೊ ಹೊಲಿದ. ನಮ್ಮಲ್ಲಿ ಅದು ಇನ್ನೂ ಅಪರೂಪ. ಸೀರೆ ಇರುವ ಕಡೆ ಬೇರೆ ಏಕೆ ಎಂದು ನಮ್ಮ ಹೆಂಗಸರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಸೀರೆಯ ಮಾತು ಬಂದದ್ದರಿಂದ ಇನ್ನೊಂದು ಮುಖ್ಯ ವಿಷಯ. ಆಹ್ವಾನದಲ್ಲಿ 'ಬ್ಲ್ಯಾಕ್ ಟೈ' ಎಂದಿದ್ದರೆ ನಾವು ಪಂಚೆಯಲ್ಲಿ ಹೋಗಬಾರದೇ? 1930ರ ಡಿಸೆಂಬರಿನಲ್ಲಿ ನೊಬೆಲ್ ಬಹುಮಾನ ಪಡೆಯಲು ಸ್ಟಾಕ್‌ಹೋಮಿಗೆ ಹೋದ ಸಿ. ವಿ. ರಾಮನ್ ಪಾಶ್ಚಾತ್ಯ ಉಡುಪಿನ ಮೇಲೆ ತಮ್ಮ ಪೇಟವನ್ನು ಬಿಡಲಿಲ್ಲ. ಮೂರು ವರ್ಷದ ಮೇಲೆ ಬೆಂಗಳೂರಿಗೆ ಬಂದು ನಮ್ಮವರೇ ಆದ ಆ ವಿಜ್ಞಾನಿಯನ್ನು ಪೇಟವಿಲ್ಲದೆ ನೆನೆಯುವುದೇ ಕಷ್ಟ. 2019ರ ಡಿಸೆಂಬರ್ 10ರಂದು ಅದೇ ಸಮಾರಂಭದಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಧೋತಿ ಮತ್ತು ಮುಚ್ಚುಗತ್ತಿನ ಕೋಟು ತೊಟ್ಟು ಬಂದರು, ಪತ್ನಿ ಎಸ್ತರ್ ದುಫ್ಲೊ ಸೀರೆ ಉಟ್ಟಿದ್ದರು. ಅಲ್ಲಿನ ನಿಯಮವೇ ರಾಷ್ಟ್ರೀಯ ಉಡುಪಿಗೆ ಟೇಲ್‌ಕೋಟಿಗೆ ಸಮನಾದ ಸ್ಥಾನ ಕೊಟ್ಟಿದೆ. ಗಾಂಧೀಜಿ 1931ರ ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಚಹಾಕೂಟಕ್ಕೆ ತುಂಡುಪಂಚೆ, ಶಾಲಿನಲ್ಲೇ ಹೋದರು. ಲಂಡನ್ನಿನಲ್ಲಿ ಓದುವಾಗ ಟೇಲ್‌ಕೋಟು, ಟೋಪಿ ಎಲ್ಲವನ್ನೂ ತೊಟ್ಟು ನೋಡಿದ್ದವರು ಅವರು. ಬಿಟ್ಟದ್ದು ಏನೆಂಬುದು ಗೊತ್ತಿದ್ದೇ, ಕೋಟ್ಯಂತರ ಬಡವರ ಪರವಾಗಿ ಬಿಟ್ಟದ್ದು.

ಹಳೆಯ ಮೈಸೂರಿಗೆ ತನ್ನದೇ ಔತಣದ ಉಡುಪಿತ್ತು. ದರ್ಬಾರಿಗೆ ಕಪ್ಪು ನಿಲುವಂಗಿ, ಬಿಳಿ ಷರಾಯಿ, ಜರತಾರಿ ಪೇಟ. ಊರಿನ ಗಣ್ಯರಿಗೆ ಕಚ್ಚೆಪಂಚೆ, ಕ್ಲೋಸ್‌ಕೋಟು, ಹೆಗಲ ಮೇಲೆ ಉತ್ತರೀಯ. ವಿಶ್ವೇಶ್ವರಯ್ಯನವರು ಸೂಟಿನ ಮೇಲೆ ಮೈಸೂರು ಪೇಟ ಇಟ್ಟು ಎರಡನ್ನೂ ಜೋಡಿಸಿದರು. ಆ ಕೋಟಿನಲ್ಲಿ ಒಂದು ಸುಕ್ಕು, ಪೇಟದಲ್ಲಿ ಒಂದು ಓರೆ ಇರುವ ಅವರ ಚಿತ್ರವನ್ನು ನಾನು ಕಂಡಿಲ್ಲ. ಇಂಥ ಪರಂಪರೆ ಇರುವ ನಾಡಿನಲ್ಲಿ ಪಂಚೆ ಉಟ್ಟವನನ್ನು ಬಾಗಿಲಲ್ಲಿ ತಡೆಯುವ ಕ್ಲಬ್ಬುಗಳು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳ ಮೇಲೂ ಉಳಿದವು. ಚೆನ್ನೈಯಲ್ಲಿ ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಒಂದು ಕ್ಲಬ್ಬು ಒಳಗೆ ಬಿಡದಿದ್ದಾಗ 2014ರಲ್ಲಿ ತಮಿಳುನಾಡು ಇದರ ವಿರುದ್ಧ ಕಾನೂನನ್ನೇ ಮಾಡಿತು. ಮಾಡಿದ್ದು ನ್ಯಾಯ. ಕರೆದವರನ್ನು ಗೌರವಿಸಲು ಹುಟ್ಟಿದ ಕಟ್ಟಳೆ ಬಂದವರನ್ನು ಅವಮಾನಿಸಲು ಬಳಕೆಯಾದರೆ ಅದನ್ನು ಮುರಿಯಲೇಬೇಕು.

ಹಾಗಾಗಿ ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಆರಿಸಿದ್ದಕ್ಕೆ ಪೂರ್ತಿ ಶ್ರದ್ಧೆ ಕೊಡಿ. ಪಂಚೆ ಎಂದರೆ ಒಗೆದು ಗಂಜಿ ಹಾಕಿ ಮಡಿಕೆ ಬಿಡಿಸಿದ ಒಳ್ಳೆಯ ಜರಿಯಂಚಿನ ಪಂಚೆ, ಒಪ್ಪವಾದ ಕ್ಲೋಸ್‌ಕೋಟು. ಡಿನ್ನರ್ ಜಾಕೆಟ್ ಎಂದರೆ ಅದರ ಅಂಗಾಂಗಗಳೆಲ್ಲ ಕೂಡಿದ್ದು. ಕರೆದವರಿಗೆ ಮೊದಲೇ ಒಂದು ಮಾತು ಬರೆದು ತಿಳಿಸಿದರೆ ಬಾಗಿಲಲ್ಲಿ ಯಾರಿಗೂ ಮುಜುಗರವಿರುವುದಿಲ್ಲ.

ಕೊನೆಗೆ ಇಟ್ಟುಕೊಳ್ಳುವ ಬಗೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಉಣ್ಣೆಯ ಮೇಲೆ ಬೂಷ್ಟು ಹಿಡಿಯುತ್ತದೆ. ನುಸಿಯ ಮರಿಗಳು ಉಣ್ಣೆಯನ್ನೂ ರೇಷ್ಮೆಯನ್ನೂ ತಿನ್ನುತ್ತವೆ. ಸಮಾರಂಭ ಮುಗಿಸಿ ಬಂದ ರಾತ್ರಿ ಎಷ್ಟೇ ದಣಿವಾಗಿದ್ದರೂ ಕೋಟನ್ನು ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ ಗಾಳಿಗೆ ಬಿಡಿ. ಮರುದಿನ ಮೆತ್ತನೆಯ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಒಂದು ಸಲ ಸವರಿ, ಹಳೆಯ ಮಲ್ಲು ಪಂಚೆಯಲ್ಲೋ ಹತ್ತಿಯ ಚೀಲದಲ್ಲೋ ಮುಚ್ಚಿಡಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೇ ತೇವ ನಿಲ್ಲುತ್ತದೆ. ಬೀರುವಿನಲ್ಲಿ ಒಣಗಿದ ಬೇವಿನ ಸೊಪ್ಪು ಇಡಬಹುದು. ನುಸಿಗುಳಿಗೆಯನ್ನು ಬಟ್ಟೆಗೆ ತಾಗದಂತೆ ಚೀಟಿಯಲ್ಲಿ ಕಟ್ಟಿ ಇಡಬೇಕು. ಮಳೆ ಬಿಟ್ಟ ದಿನ ನೆರಳಿನಲ್ಲಿ ಗಾಳಿಯಾಡಿಸಿ. ಸುಡುಬಿಸಿಲು ರೇಷ್ಮೆಯ ಬಣ್ಣ ಕೆಡಿಸುತ್ತದೆ. ಡ್ರೈಕ್ಲೀನಿಂಗಿಗೆ ಕಲೆಯಾದರೆ ಮಾತ್ರ ಕೊಡಿ, ಕೊಟ್ಟಾಗ ಕೋಟು ಪ್ಯಾಂಟು ಎರಡನ್ನೂ ಒಟ್ಟಿಗೇ ಕೊಡಿ, ಇಲ್ಲದಿದ್ದರೆ ಬಣ್ಣ ಬೇರೆ ಬೇರೆಯಾಗುತ್ತದೆ.

ಹೊಲಿಸುವಾಗಲೇ ಮಾಸ್ಟರಿಗೆ ಒಂದು ಮಾತು ಹೇಳಿಡಿ. ಪ್ಯಾಂಟಿನ ಹಿಂಬದಿಯ ಹೊಲಿಗೆಯಲ್ಲಿ ಎರಡು ಬೆರಳಷ್ಟು, ಕೋಟಿನ ಪಕ್ಕದ ಹೊಲಿಗೆಗಳಲ್ಲಿ ಒಂದೊಂದು ಬೆರಳಷ್ಟು ಬಟ್ಟೆ ಒಳಗೇ ಉಳಿದಿರಲಿ. ನಲವತ್ತು ದಾಟಿದ ಮೇಲೆ ಬಹುತೇಕ ಎಲ್ಲರಿಗೂ ಅದು ಬೇಕಾಗುತ್ತದೆ. ತೋಳಿನ ಮೇಲೂ ಅಷ್ಟು ಬಿಟ್ಟಿದ್ದರೆ ನಿಮಗಿಂತ ಎತ್ತರ ಬೆಳೆದ ಮಗನಿಗೂ ಅದೇ ಕೋಟನ್ನು ಬಿಚ್ಚಿ ಸರಿಮಾಡಿಕೊಡಬಹುದು. ಸೆವಿಲ್ ರೋದ ದರ್ಜಿಗಳು ಒಳಜೇಬಿನ ಒಳಗೆ ಚೀಟಿ ಹೊಲಿದು ಹೊಲಿಸಿದವನ ಹೆಸರು, ತಾರೀಖು ಬರೆದಿಡುತ್ತಾರೆ. ನಮ್ಮ ಮಾಸ್ಟರುಗಳಿಗೆ ಹೇಳಿದರೆ ಅವರೂ ಸಂತೋಷದಿಂದ ಬರೆದುಕೊಡುತ್ತಾರೆ, ಕನ್ನಡದಲ್ಲೇ ಬರೆಸಿ.